ಸಮೀಕ್ಷೇಲಿ ಮಂಡ್ಯದ 7 ಸೀಟಿನ ಲೆಕ್ಕ: ನಂಬೋದಾ, ಬಿಡೋದಾ?

ಕೆರೆ ಏರಿ (ಮದ್ದೂರು) ಕೇಳಿದ್ದು:

ನಮಸ್ಕಾರ. ನಮ್ಮ ವಾಟ್ಸಾಪ್ ಗ್ರೂಪಲ್ಲಿ ಒಂದು ಸಮೀಕ್ಷೆ ಓಡಾಡ್ತಾ ಇದೆ. ಮಂಡ್ಯ ಜಿಲ್ಲೆಯ 7 ಕ್ಷೇತ್ರಕ್ಕೂ ಯಾರು ಗೆಲ್ತಾರೆ ಅಂತ ಬಣ್ಣ ಹಾಕಿದ ನಕ್ಷೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ "ಸ್ಯಾಂಪಲ್ 1,050, ಮಾರ್ಜಿನ್ ಆಫ್ ಎರರ್ ಶೇ 3" ಅಂತಿದೆ. ಜಿಲ್ಲೆಗೆ ಒಟ್ಟಾರೆ ಮೊದಲ ಪಕ್ಷಕ್ಕೆ ಶೇ 40, ಎರಡನೇದಕ್ಕೆ ಶೇ 38. ಆಗಲೇ ಬಾಜಿ ಕಟ್ಟೋರು ಶುರು ಹಚ್ಕೊಂಡಿದಾರೆ. ಇನ್ನೊಬ್ಬರು 80 ಸಾವಿರ ಜನ ಒತ್ತಿದ ಯೂಟ್ಯೂಬ್ ಪೋಲ್ ತೋರಿಸಿ, ಸಾವಿರ ಜನರದು ಯಾವ ಲೆಕ್ಕ ಅಂತಾರೆ. ಜಿಲ್ಲೇಲಿ ಇರೋದು 15 ಲಕ್ಷದ ಆಸುಪಾಸು ಮತದಾರರು. 2024ರ ಲೋಕಸಭೇಲಿ ಎನ್‌ಡಿಎ 350 ದಾಟತ್ತೆ ಅಂತ ಬಹುತೇಕ ಎಲ್ಲಾ ಚಾನೆಲ್‌ಲೂ ಕೂಗಿದ್ರು, 293ಕ್ಕೆ ನಿಂತ್ಕೊಳ್ತು. ಎಲ್ಲಾ ಬುರುಡೆನಾ, ಇಲ್ಲಾ ನಾವು ಓದೋದ್ರಲ್ಲೇ ಎಡವಟ್ಟಿದೆಯಾ? ತಿಳಿದೋರು ಹೇಳಿ.

ಅಂಕಿಸಂಖ್ಯೆ (ಮೈಸೂರು):

ಸಾರ್, ಸಾವಿರ ಜನ ಕಮ್ಮಿ ಆಯ್ತು ಅನ್ನೋ ತಕರಾರು ನಿಲ್ಲಲ್ಲ. ಮಾರ್ಜಿನ್ ಆಫ್ ಎರರ್ ಅಂದ್ರೆ ಅಂಕಿ ಎಷ್ಟು ಆಚೆ ಈಚೆ ಆಗಬಹುದು ಅನ್ನೋ ಮಿತಿ. ಚೀಟಿ ಎತ್ತಿದ ಹಾಗೆ ಆರಿಸಿದ್ರೆ ಅದು 100 ಜನಕ್ಕೆ ಶೇ 10, 400ಕ್ಕೆ ಶೇ 5, 1,000ಕ್ಕೆ ಶೇ 3, 2,400ಕ್ಕೆ ಶೇ 2 ಹೆಚ್ಚುಕಮ್ಮಿ ಬರತ್ತೆ. ಒಟ್ಟು ಮತದಾರರು 15 ಲಕ್ಷ ಇರಲಿ, 5 ಕೋಟಿ ಇರಲಿ, ಈ ಅಂಕಿ ಕದಲಲ್ಲ.

ಎಡವಟ್ಟು ಇರೋದು ನಕ್ಷೇಲಿ. 1,050ನ್ನ 7 ಕ್ಷೇತ್ರಕ್ಕೆ ಹಂಚಿ, ತಲಾ 150. ಆಗ ಒಂದೊಂದು ಕ್ಷೇತ್ರದಲ್ಲೂ ಶೇ 8ರಷ್ಟು ಆಚೆ ಈಚೆ. ಶೇ 42 ಅಂತ ತೋರಿಸಿದ್ದು ನಿಜದಲ್ಲಿ 34 ಇರಬಹುದು, 50 ಇರಬಹುದು. ಸಣ್ಣಕ್ಷರದಲ್ಲಿ ಬರೆದ ಶೇ 3 ಇಡೀ ಜಿಲ್ಲೆಗೆ ಮಾತ್ರ, ಬಣ್ಣ ಬಳಿದದ್ದು ಮಾತ್ರ ಕ್ಷೇತ್ರಕ್ಕೆ.

ಇನ್ನು 40-38. ಶೇ 3 ಅನ್ನೋದು ಒಂದೊಂದು ಪಕ್ಷದ ಅಂಕಿಗೆ. ಇಬ್ಬರ ನಡುವಿನ ಅಂತರಕ್ಕೆ ಅದು ಸುಮಾರು 5.3 ಆಗತ್ತೆ. ಹಾಗಾಗಿ 2 ಪಾಯಿಂಟ್ ಮುಂದಿದಾರೆ ಅನ್ನೋದಕ್ಕೆ ಅರ್ಥವೇ ಇಲ್ಲ, ಸಮಬಲ ಅಂತ ಓದಿಕೊಳ್ಳಿ.

ಅದೂ ಚೀಟಿ ಎತ್ತಿದ ಹಾಗೆ ಆರಿಸಿದ್ರೆ. ಯಾರೂ ಹಂಗೆ ಮಾಡಲ್ಲ, ಖರ್ಚು ಎಟುಕಲ್ಲ. 50 ಚಿಲ್ಲರೆ ಬೂತ್ ಆರಿಸಿ ಒಂದೊಂದರಲ್ಲಿ 20 ಜನರನ್ನ ಕೇಳ್ತಾರೆ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು ಅಂತೀವಲ್ಲ, ಅದು ಸೌಟು ಆಡಿಸಿದ ಪಾತ್ರೆಗೆ. ನಮ್ಮ ಕಡೆ ಒಂದೊಂದು ಕೇರಿ ಒಂದೊಂದು ಕಡೆಗೆ ವಾಲಿರತ್ತೆ, ಒಂದೇ ಬೂತಿನ 20 ಜನ ಬಹುಪಾಲು ಒಂದೇ ಉತ್ತರ ಕೊಡ್ತಾರೆ. ಹಂಗಾಗಿ 1,050 ಅನ್ನೋದು ಲೆಕ್ಕದಲ್ಲಿ 500ಕ್ಕೆ, ಕೆಲವು ಸಲ 350ಕ್ಕೆ ಇಳಿಯತ್ತೆ. ಶೇ 3 ಅಂದದ್ದು ಆಗ 4ರಿಂದ 5. ಇದನ್ನ ವರದೀಲಿ ಬರೆಯೋರು ಅಪರೂಪ.

ಬೂತ್ ಪಟ್ಟಿ (ಶ್ರೀರಂಗಪಟ್ಟಣ):

ಮೇಲಿನ ಲೆಕ್ಕ ಸರಿ. ಆದರೆ ಸರ್ವೆ ಹೆಚ್ಚಾಗಿ ಹಾಳಾಗೋದು ಲೆಕ್ಕದಲ್ಲಲ್ಲ, ಊರೊಳಗೆ.

ಸರಿಯಾದ ಕ್ರಮ ಇದು. ಬೂತಿನ ಮತದಾರರ ಪಟ್ಟಿ ತಗೊಳ್ಳಿ, 1,110 ಹೆಸರಿವೆ ಅನ್ನಿ. 20 ಉತ್ತರ ಬೇಕಾದ್ರೆ 30 ಹೆಸರು ಎತ್ತಬೇಕು, ಎಲ್ಲರೂ ಸಿಗಲ್ಲ. 1,110 ಭಾಗಿಸು 30, ಅಂದ್ರೆ 37. ಒಂದರಿಂದ 37ರೊಳಗೆ ಚೀಟಿ ಎತ್ತಿ, 17 ಬಂತು. ಆಮೇಲೆ 54, 91, 128, ಹೀಗೆ ಕ್ರಮಸಂಖ್ಯೆ ಹಿಡಿದು ಮನೆ ಹುಡುಕೋದು. ಸರ್ವೆ ಮಾಡೋ ಹುಡುಗರು ಕೈ ಕೊಡೋದು ಇಲ್ಲೇ. 17 ಮದುವೆಯಾಗಿ ಗಂಡನ ಮನೆಗೆ ಹೋಗಿದಾಳೆ, 54 ಬೆಂಗಳೂರಲ್ಲಿ ಕೆಲಸ, 91 ತೀರಿಕೊಂಡಿದಾರೆ, ಪಟ್ಟೀಲಿ ಇನ್ನೂ ಇದಾರೆ. ಬಿಸಿಲು ಏರತ್ತೆ. ಫಾರಂ ಲೆಕ್ಕದಲ್ಲಿ ದುಡ್ಡು ಕೊಡೋದಾದ್ರೆ ಹುಡುಗ ಏನ್ ಮಾಡ್ತಾನೆ? ಬೆಳಿಗ್ಗೆ ಹಾಲಿನ ಡೈರಿ ಹತ್ರ ನಿಂತ್ಕೊಂಡ್ರೆ ಅರ್ಧ ಗಂಟೇಲಿ 20 ಫಾರಂ ಮುಗೀತು. ಅಲ್ಲಿ ಸಿಗೋರು ಹಸು ಇರೋರು, ಗಂಡಸರು, ಡೈರಿ ಸುತ್ತಮುತ್ತಲ ಬೀದಿಯೋರು. ಊರ ಕೊನೇಲಿರೋ ಕಾಲೋನಿ ಕಡೆ ಯಾರೂ ತಲೆ ಹಾಕಿರಲ್ಲ.

ಬೆಂಗಳೂರಲ್ಲಿರೋರನ್ನ ಬಿಟ್ಟರೆ ಮಂಡ್ಯದಲ್ಲಿ ಬೇರೆಯೇ ತಪ್ಪಾಗತ್ತೆ. ಅವರು ಸರ್ವೆಗೆ ಸಿಗಲ್ಲ, ಮತದಾನದ ಹಿಂದಿನ ರಾತ್ರಿ ಬಸ್ಸು ತುಂಬಿಕೊಂಡು ಬರ್ತಾರೆ. 2023ರಲ್ಲಿ ಜಿಲ್ಲೆಯ ಮತದಾನ ಶೇ 80 ದಾಟಿತ್ತು. ಮೈಸೂರು ನಗರದ ಕ್ಷೇತ್ರಗಳಲ್ಲಿ ತಾಪತ್ರಯ ಉಲ್ಟಾ: ಸರ್ವೆಯೋರು ಬಾಗಿಲಿಗೆ ಬಂದ್ರೆ ಬಾಯಿ ತುಂಬ ಮಾತಾಡ್ತಾರೆ, ಬೂತಿಗೆ ಹೋಗೋರು ಕಮ್ಮಿ.

ಕೇಳೋ ರೀತೀಲೂ ಎಡವಟ್ಟಾಗತ್ತೆ. ಜಗಲಿ ಮೇಲೆ ನಾಲ್ಕು ಜನ ಕೂತಿರೋವಾಗ "ಯಾರಿಗಮ್ಮ ಓಟು" ಅಂದ್ರೆ ಒಳಗಿನಿಂದ ಗಂಡನೇ ಉತ್ತರ ಹೇಳ್ತಾನೆ. ದೆಹಲಿಯ ಅಧ್ಯಯನ ಸಂಸ್ಥೆ ಲೋಕನೀತಿ-ಸಿಎಸ್‌ಡಿಎಸ್‌ನೋರು ಚಿಹ್ನೆ ಅಚ್ಚಾದ ಡಮ್ಮಿ ಬ್ಯಾಲೆಟ್ ಕೊಟ್ಟು, ಮಡಿಸಿ ಡಬ್ಬಿಗೆ ಹಾಕಿಸ್ತಾರೆ. ಯಾವ ಸಮೀಕ್ಷೆ ಆದ್ರೂ ಇದೊಂದು ವಿಷಯ ಹುಡುಕಿ: ಉತ್ತರ ಬಾಯಲ್ಲಿ ಕೇಳಿದ್ದಾ, ಡಬ್ಬಿಗೆ ಹಾಕಿಸಿದ್ದಾ.

ತಿದ್ದೋಕೆ ತೂಕ ಹಾಕ್ತಾರೆ ನಿಜ. ಸ್ಯಾಂಪಲ್ಲಲ್ಲಿ ಗಂಡಸರು 65, ಹೆಂಗಸರು 35 ಇದ್ರೆ, ಅದನ್ನ ಅರ್ಧರ್ಧಕ್ಕೆ ತರೋಕೆ ಗಂಡಸಿನ ಉತ್ತರ 0.77ರಿಂದ, ಹೆಂಗಸಿನದು 1.43ರಿಂದ ಗುಣಿಸ್ತಾರೆ. ಗಂಡಸರಲ್ಲಿ 48, ಹೆಂಗಸರಲ್ಲಿ 34 ಪಡೆದ ಪಕ್ಷ ಇದರಿಂದ 43ರಿಂದ 41ಕ್ಕೆ ಇಳಿಯತ್ತೆ. ಆದರೆ ಡೈರೀಲಿ ಸಿಕ್ಕ ಮೂರು ಹೆಂಗಸರನ್ನೇ ನಾಲ್ಕೂ ಚಿಲ್ಲರೆ ಮಾಡಿದ್ರೆ ಮನೇಲಿದ್ದ ಹೆಂಗಸಿನ ಮನಸ್ಸು ಗೊತ್ತಾಗಲ್ಲ. ಜಾತಿ ತೂಕ ಇನ್ನೂ ಪೀಕಲಾಟ. ಜನಗಣತೀಲಿ ಪರಿಶಿಷ್ಟರ ಅಂಕಿ ಸಿಗತ್ತೆ, ಒಕ್ಕಲಿಗರು, ಕುರುಬರು, ಲಿಂಗಾಯತರದು ಎಷ್ಟು ಅಂತ ಸಂಸ್ಥೆಯೋರು ತಮ್ಮ ಅಂದಾಜೇ ಹಾಕ್ಕೋತಾರೆ.

ಕನ್ನಂಬಾಡಿ:

ಯೂಟ್ಯೂಬ್ 80 ಸಾವಿರದ್ದು ಯಾರೂ ಹೇಳಲಿಲ್ಲ. ಅಮೆರಿಕದ 1936ರ ಅಧ್ಯಕ್ಷ ಚುನಾವಣೇಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಯಾರಿಗೆ ಓಟು ಅಂತ ಕೇಳಿ ಸುಮಾರು 1 ಕೋಟಿ ಕಾರ್ಡ್ ಕಳಿಸ್ತು, 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಲ್ಯಾಂಡನ್ ಗೆಲ್ತಾರೆ ಅಂದ್ರು. ಎದುರಾಳಿ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಬಾಚಿಕೊಂಡರು. ವಿಳಾಸ ತಗೊಂಡಿದ್ದು ಟೆಲಿಫೋನ್ ಡೈರೆಕ್ಟರಿ, ಕಾರಿನ ನೋಂದಣಿ ಅಂಥ ಕಡೆಯಿಂದ. ಆ ಕಾಲಕ್ಕೆ ಅವು ಇದ್ದದ್ದು ಉಳ್ಳವರ ಮನೇಲಿ. ಅದರ ಮೇಲೆ, ಕಾರ್ಡ್ ವಾಪಸ್ ಹಾಕಿದ್ದು ಉರಿ ಇದ್ದೋರು. ಯೂಟ್ಯೂಬ್ ಪೋಲೂ ಅಷ್ಟೇ, ಆ ಚಾನೆಲ್ ನೋಡೋರ ಪೈಕಿ ಒತ್ತೋ ಹುರುಪು ಇದ್ದೋರು. ದುಬೈಲಿ ಕೂತೋನೂ ಮದ್ದೂರಿಗೆ ಒತ್ತಿರ್ತಾನೆ.

ಸೀಟು ಲೆಕ್ಕ (ಮಂಡ್ಯ):

ಶೇಕಡಾವಾರನ್ನ ಸೀಟು ಮಾಡೋದು ಬೇರೆ ಕಸುಬು, ಅದನ್ನೂ ಸರ್ವೆ ಅಂತಲೇ ಮಾರ್ತಾರೆ. ನಮ್ಮ ರಾಜ್ಯವನ್ನೇ ನೋಡಿ. 2018ರಲ್ಲಿ ಬಿಜೆಪಿಗೆ ಶೇ 36ರಷ್ಟು ಮತ, 104 ಸೀಟು. 2023ರಲ್ಲೂ ಶೇ 36, ಸೀಟು 66. ಮತ ಹೆಚ್ಚುಕಮ್ಮಿ ಅಷ್ಟೇ, 38 ಸೀಟು ಮಾಯ. 2018ರಲ್ಲೇ ಕಾಂಗ್ರೆಸ್ಸು ಶೇ 38 ತಗೊಂಡು ಸೀಟಲ್ಲಿ ಬಿಜೆಪಿಗಿಂತ ಹಿಂದೆ ಉಳೀತು. ಮತ ಸರಿಯಾಗಿ ಹಿಡಿದ ಸಮೀಕ್ಷೆಯೂ ಸೀಟಲ್ಲಿ ಮಕಾಡೆ ಮಲಗಬಹುದು.

ಹಿಂದಿನ ಫಲಿತಾಂಶಕ್ಕೆ ರಾಜ್ಯದ ಸ್ವಿಂಗ್, ಅಂದ್ರೆ ಪಕ್ಷದ ಮತ ಎಷ್ಟು ಶೇಕಡಾ ಏರಿತು ಇಳೀತು ಅನ್ನೋದನ್ನ, ಕೂಡಿಸಿ ಕಳೆದು ಸೀಟು ಎಣಿಸೋದು ಸುಲಭದ ದಾರಿ. ಮಂಡ್ಯದಲ್ಲಿ ಅದು ನಡೆಯಲ್ಲ. 2018ರಲ್ಲಿ ಏಳಕ್ಕೆ ಏಳೂ ಜೆಡಿಎಸ್. ಮರುವರ್ಷ ಲೋಕಸಭೇಲಿ ಪಕ್ಷೇತರ ಸುಮಲತಾ 1,25,876 ಮತದಿಂದ ಗೆದ್ದರು, ಪಕ್ಷೇತರರಿಗೆ ಹಿಂದಿನ ಸ್ವಿಂಗ್ ಎಲ್ಲಿಂದ ತರ್ತೀರಿ? 2023ರಲ್ಲಿ ಮೇಲುಕೋಟೆ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಹೋಯ್ತು, ಜೆಡಿಎಸ್‌ಗೆ ಉಳಿದದ್ದು ಕೆ.ಆರ್.ಪೇಟೆ ಒಂದೇ. 2004ರಲ್ಲಿ ಚಾಮರಾಜನಗರ ಕಡೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಒಂದೇ ಒಂದು ಮತದ ಅಂತರ, ಅದಕ್ಕೆ ಯಾವ ಸ್ಯಾಂಪಲ್ಲೂ ಎಟುಕಲ್ಲ.

ರೇಂಜ್ ಅನ್ನೋ ಕಳ್ಳದಾರೀನೂ ಗಮನಿಸಿ. ರಾಜ್ಯದ 224 ಸೀಟಲ್ಲಿ "95ರಿಂದ 120" ಅಂದ್ರೆ ಅತಂತ್ರವೂ ಸೈ, ಬಹುಮತವೂ ಸೈ. ಬಹುಮತಕ್ಕೆ ಬೇಕಾಗಿರೋದು 113.

ಕೆರೆ ಏರಿ (ಮದ್ದೂರು):

ಎಲ್ಲರಿಗೂ ಧನ್ಯವಾದ. ಪೂರ್ತಿ ಪಿಡಿಎಫ್ ತರಿಸಿ ನೋಡಿದೆ. ಬೂತ್ ಎಷ್ಟು ಅಂತ ಇಲ್ಲ, ದುಡ್ಡು ಯಾರದು ಅಂತಲೂ ಇಲ್ಲ. "ರೆಕಾರ್ಡ್ ಮಾಡಿದ ಧ್ವನಿಯ ಫೋನ್ ಕರೆ" ಅಂತಿದೆ. ಇದರ ಬದಲು ನಮ್ಮ ಕ್ಷೇತ್ರದ ಮಟ್ಟಿಗೆ ನಂಬೋ ಅಂಥದ್ದು ಏನು ಸಿಗತ್ತೆ?

ಬೂತ್ ಪಟ್ಟಿ (ಶ್ರೀರಂಗಪಟ್ಟಣ):

"ಒಂದನ್ನು ಒತ್ತಿ, ಎರಡನ್ನು ಒತ್ತಿ" ಅನ್ನೋ ಕರೇನಾ? ನೂರು ಜನಕ್ಕೆ ಹೋದ್ರೆ ಕೊನೇವರೆಗೂ ಕೇಳೋರು ಬೆರಳೆಣಿಕೆ. ಒತ್ತಿದೋರು ಆ ಕ್ಷೇತ್ರದ ಮತದಾರರೇ ಅಂತಾನೂ ಗೊತ್ತಾಗಲ್ಲ, ಹಳ್ಳೀಲಿ ಮನೆ ಫೋನು ಗಂಡಸಿನ ಜೇಬಲ್ಲಿರತ್ತೆ. ಪಕ್ಕಕ್ಕಿಡಿ.

ರಾಜ್ಯದ ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟಲ್ಲಿ ಫಾರಂ 20 ಸಿಗತ್ತೆ, ಪ್ರತಿ ಬೂತಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ. 2018, 2023 ಎರಡನ್ನೂ ಇಳಿಸಿಕೊಳ್ಳಿ. ಮುಂದೆ ಏನಾಗತ್ತೆ ಅಂತ ಅದು ಹೇಳಲ್ಲ, ಆದರೆ ನಕ್ಷೇಲಿ ಬಣ್ಣ ಬದಲಾಯಿಸೋಕೆ ಎಷ್ಟು ಬೂತು ಎಷ್ಟು ಕದಲಬೇಕು ಅನ್ನೋದು ಗೊತ್ತಾಗತ್ತೆ. ಒಂದು ಎಚ್ಚರ: ಬೂತ್ ನಂಬರ್ ಹಿಡಿದು ಹೋಲಿಸಬೇಡಿ. ಎರಡು ಚುನಾವಣೆ ನಡುವೆ ಬೂತ್ ಒಡೆದು ಸೇರಿಸಿ ನಂಬರ್ ಬದಲಾಗಿರ್ತವೆ, 112 ಅಂದ್ರೆ ಬೇರೆ ಊರೇ ಆಗಿರಬಹುದು. ಶಾಲೆ ಹೆಸರು, ಊರ ಹೆಸರು ನೋಡಿ ಜೋಡಿಸಿ. ಅಂಚೆ ಮತ ಬೂತಿನ ಸಾಲಲ್ಲಿ ಬರಲ್ಲ, ಒಟ್ಟಿಗೆ ಕೊನೇಲಿ ಸೇರಿಸಿರ್ತಾರೆ.