ಪುಟ್ಟಿ, ಮೊದಲು 'ಸಾರಿ' ಹೇಳು, ಆಮೇಲೆ ಬಸ್ಸಿನ ಕತೆ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸು ಈ ವಾರ ಮೂರು ದಿನ ಲೇಟು, ಹೊಸ ಮ್ಯಾನೇಜರಿಗೆ ಕನ್ನಡ ಬರಲ್ಲ, ಇಂಗ್ಲಿಷಿನಲ್ಲಿ ಏನು ಹೇಳಲಿ ಅತ್ತೆ, ಬರೀ ಸಾರಿ ಅಂದರೆ ಸಾಕಾ, ಕೆಲಸ ಹೋಗಿಬಿಡುತ್ತಾ ಅಂತ ಕೇಳಿದ್ದೀಯ. ಹೆದರಬೇಡ. ಟೈಪ್ ಮಾಡುತ್ತಾ ಕೂತರೆ ನನಗೆ ರಾತ್ರಿಯಾಗುತ್ತದೆ. ಬಾಯಲ್ಲಿ ಹೇಳಿದ್ದು ಅಕ್ಷರ ಆಗುವ ಹಾಗೆ ನಿನ್ನ ತಮ್ಮ ಫೋನಿನಲ್ಲಿ ಹಾಕಿಕೊಟ್ಟಿದ್ದಾನೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಓದು.

ನನ್ನ ಲಾಂಚಿನ ಕತೆ, ಅದೇ ಹೊಳೆ ದಾಟಿಸುತ್ತಿದ್ದ ದೊಡ್ಡ ಮೋಟಾರ್ ದೋಣಿಯ ಕತೆ, ದೊಡ್ಡವರಿಗೆಲ್ಲ ಗೊತ್ತು. ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. 1986ನೇ ಇಸವಿ. ನಿನ್ನಪ್ಪ ಆಗ ಎಂಟನೇ ಕ್ಲಾಸು. ನಾನು ಸಾಗರದಲ್ಲಿ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ವಾರವಿಡೀ ಸಾಗರದಲ್ಲಿ ರೂಮು, ಶನಿವಾರ ಹೊಳೆ ದಾಟಿ ತುಮರಿಯ ಮನೆಗೆ, ಸೋಮವಾರ ಬೆಳಗಿನ ಲಾಂಚಿಗೆ ವಾಪಸ್. ಆ ಸೋಮವಾರ ಶರಾವತಿ ಹಿನ್ನೀರಿನ ಮೇಲೆ ಮಂಜು ಎಷ್ಟಿತ್ತೆಂದರೆ ಎದುರು ದಡವೇ ಇಲ್ಲ. ಲಾಂಚ್ ಆಚೆ ದಡದ ಹೊಳೆಬಾಗಿಲಿನ ಕಡೆಯೇ ನಿಂತಿತ್ತು. ನಾವು ಕಳಸವಳ್ಳಿ ದಡದಲ್ಲಿ ಒಂದೂವರೆ ಗಂಟೆ ಕಾದೆವು. ಅಮ್ಮ ಕಟ್ಟಿಕೊಟ್ಟ ಕಡುಬು ಚೀಲದಲ್ಲೇ ಇತ್ತು. ಗಾಬರಿಯಲ್ಲಿ ಒಂದು ತುತ್ತೂ ತಿನ್ನಲಿಲ್ಲ.

ಆಫೀಸು ಮುಟ್ಟಿದಾಗ ಹನ್ನೊಂದೂಕಾಲು. ಅವತ್ತೇ ಹೊರಗಿನಿಂದ ಒಬ್ಬರು ಅಧಿಕಾರಿ ತಪಾಸಣೆಗೆ ಬಂದಿದ್ದರು. ಅವರಿಗೆ ಕನ್ನಡ ಗೊತ್ತಿಲ್ಲ. ಹಾಜರಿ ಪುಸ್ತಕ ಅವರ ಮುಂದೆಯೇ ಇತ್ತು. ನಾನು ನಮಸ್ಕಾರವನ್ನೂ ಮಾಡದೆ, ಏದುಸಿರಿನಲ್ಲಿ, 'ಲಾಂಚ್ ಸರ್, ಲಾಂಚ್ ಲೇಟ್' ಅಂದೆ. ಅವರು ಗೋಡೆ ಗಡಿಯಾರ ನೋಡಿದರು. 'ಲಂಚ್?' ಅಂದರು. ನಾನು ಜೋರಾಗಿ ತಲೆಯಾಡಿಸಿ 'ಎಸ್ ಸರ್, ಲಾಂಚ್' ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಕೆಂಪು ಪೆನ್ನು ತೆಗೆದು ನನ್ನ ಹೆಸರಿನ ಮುಂದೆ ಬರೆದರು. ಮೂರನೇ ದಿನ ಮೆಮೊ ಬಂತು, ಊಟಕ್ಕೆ ಕೂತು ಕೆಲಸಕ್ಕೆ ತಡವಾಗಿ ಬಂದಿದ್ದಾರೆ ಅಂತ. ಉಪವಾಸ ಇದ್ದವಳ ಮೇಲೆ ಊಟದ ಆರೋಪ! ಅರ್ಧ ದಿನದ ರಜೆ ಹೋಯಿತು. ಹೆಡ್ ಕ್ಲರ್ಕ್ ಆಮೇಲೆ ಬಿಡಿಸಿ ಹೇಳಿದರು, ಆದರೆ ಬರೆದದ್ದನ್ನು ಯಾರೂ ಹೊಡೆದು ಹಾಕಲಿಲ್ಲ.

ಅದಕ್ಕೇ ಹೇಳುವುದು ಪುಟ್ಟಿ, ಒಂದೊಂದೇ ಪದ ಎಸೆಯಬೇಡ. ಮೊದಲು ಸಾರಿ, ಆಮೇಲೆ ಕಾರಣ, ಅದೂ ಪೂರ್ತಿ ವಾಕ್ಯದಲ್ಲಿ. 'ಸಾರಿ ಸರ್, ದ ಬೋಟ್ ವಾಸ್ ಲೇಟ್' ಅಂದಿದ್ದರೆ ಅವರಿಗೆ ತಿಳಿಯುತ್ತಿತ್ತು. ಲಾಂಚ್ ಅಂದರೆ ನಮಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು?

ಲೇಟು ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಮ್ಮ ಅಜ್ಜನ ತೋಟ, ಗದ್ದೆ, ದೇವರ ಕಟ್ಟೆ ಎಲ್ಲ ನೀರಿನಡಿ. ನಾಡಿಗೆಲ್ಲ ಶರಾವತಿ ಕರೆಂಟು ಹೋಯಿತು, ನಮ್ಮ ಮನೆಯಲ್ಲಿ ನಾನು ಓದಿದ್ದು ಚಿಮಣಿ ಬುಡ್ಡಿಯಲ್ಲಿ. ಮದುವೆ ಮನೆಗೆ ಹೋದರೆ 'ಹೊಳೆಯಾಚೆಯವರು ಬಿಡಿ, ಯಾವಾಗಲೂ ಲೇಟು' ಅನ್ನುವವರು. ಕೊನೆಯ ಲಾಂಚ್ ತಪ್ಪಿಸಿಕೊಂಡು ದಡದಲ್ಲಿ ರಾತ್ರಿ ಕಳೆದವರಿಗೆ ಗೊತ್ತು ಅದರ ಕಷ್ಟ. ಲಾಂಚಿನ ಬದಲು ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಆದದ್ದು 2025ರ ಜುಲೈಯಲ್ಲಿ. ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆಗೆ ಅರವತ್ತು ವರ್ಷ. ಅಪ್ಪ ಅದನ್ನು ನೋಡಲಿಲ್ಲ. ನಾನು ಮೊದಲ ಸಲ ಅದರ ಮೇಲೆ ಹೋದಾಗ ಕಿಟಕಿಯಿಂದ ಕೆಳಗಿನ ನೀರನ್ನೇ ನೋಡುತ್ತಿದ್ದೆ. ನಿನ್ನಪ್ಪ ಏನಾಯಿತಕ್ಕಾ ಅಂದ. ಏನು ಹೇಳಲಿ ಅವನಿಗೆ.

ಅಯ್ಯೋ, ನೀನು ಕೇಳಿದ್ದನ್ನೇ ಹೇಳಲಿಲ್ಲ. ನೋಡು, ಒಳಗೆ ಹೋದ ತಕ್ಷಣ 'ಸಾರಿ ಐ ಆಮ್ ಲೇಟ್' ಅಂತ ಹೇಳು. ನಮ್ಮವರು ತುಂಬಾ ಜನ 'ಸಾರಿ ಫಾರ್ ಲೇಟ್' ಅನ್ನುತ್ತಾರೆ, ಅದು ತಪ್ಪು. 'ಸಾರಿ ಫಾರ್ ಬೀಯಿಂಗ್ ಲೇಟ್' ಅನ್ನಬೇಕು. ಆಮೇಲೆ ಒಂದೇ ಕಾರಣ. ಬಸ್ಸು ಕೆಟ್ಟಿದ್ದರೆ 'ಮೈ ಬಸ್ ಬ್ರೋಕ್ ಡೌನ್'. ಚೋರಡಿ ಹತ್ತಿರ ಮಳೆಗೆ ಮರ ಬಿದ್ದಿದ್ದರೆ 'ಎ ಟ್ರೀ ಫೆಲ್ ಅಕ್ರಾಸ್ ದ ರೋಡ್'. ಎದ್ದಿದ್ದೇ ತಡವಾಗಿದ್ದರೆ ಮರ ಬೀಳಿಸಬೇಡ, 'ಐ ಓವರ್‌ಸ್ಲೆಪ್ಟ್' ಅಂತಲೇ ಹೇಳು. ನಿನಗೋಸ್ಕರ ಮೀಟಿಂಗ್ ನಿಲ್ಲಿಸಿಕೊಂಡು ಕಾದಿದ್ದರೆ 'ಸಾರಿ ಟು ಕೀಪ್ ಯು ವೇಟಿಂಗ್'. ಅದು ತುಂಬಾ ಮರ್ಯಾದೆಯ ಮಾತು.

ಇನ್ನೊಂದು, ಮುಖ್ಯವಾದದ್ದು. ನನಗೆ ಆಗ ಫೋನಿರಲಿಲ್ಲ, ನಿನಗಿದೆ ಅಲ್ವಾ? ಲೇಟಾಗುತ್ತದೆ ಅಂತ ಗೊತ್ತಾದ ಕೂಡಲೇ, ಬಸ್ಸು ಆಯನೂರು ದಾಟುವ ಮುಂಚೆಯೇ, 'ಐ ಆಮ್ ರನ್ನಿಂಗ್ ಲೇಟ್, ಐ ವಿಲ್ ಬಿ ದೇರ್ ಬೈ ಟೆನ್' ಅಂತ ಮೆಸೇಜ್ ಹಾಕು. ದಾರಿಯಲ್ಲಿ ಇರುವಾಗ ರನ್ನಿಂಗ್ ಲೇಟ್, ಮುಟ್ಟಿದ ಮೇಲೆ ಐ ಆಮ್ ಲೇಟ್, ನಿನ್ನೆಯದಾದರೆ ಐ ವಾಸ್ ಲೇಟ್. ಹತ್ತಕ್ಕೆ ಬರುತ್ತೇನೆ ಅಂದರೆ ಹತ್ತಕ್ಕೇ ಹೋಗು, ಅನುಮಾನ ಇದ್ದರೆ ಹತ್ತೂವರೆ ಅಂತಲೇ ಹಾಕು.

ಮತ್ತೆ ಹೇಳುತ್ತೇನೆ, ಪದ ಎಸೆಯಬೇಡ. ಸಾರಿ ಮೊದಲು, ಪೂರ್ತಿ ವಾಕ್ಯ. ರಾತ್ರಿ ಊಟ ಆದ ಮೇಲೆ ಫೋನ್ ಮಾಡು, ಒಂದೆರಡು ಸಲ ನಿನ್ನ ಬಾಯಲ್ಲೇ ಗಟ್ಟಿಯಾಗಿ ಹೇಳಿಸುತ್ತೇನೆ. ನಾಳೆ ಮಳೆ ಇದೆಯಂತೆ, ಒಂದು ಬಸ್ಸು ಮುಂಚೆಯೇ ಹೊರಡು.