ಸಹಾಯ ಬೇಕು: ಮಾನಿಟರ್ ಹಿಂದೆ ಅಂಟಿಸುವ ಎಲ್‌ಇಡಿ ಪಟ್ಟಿ ಚಿಕ್ಕಮಗಳೂರಲ್ಲಿ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ನಮ್ಮ ಹಾಸ್ಟೆಲ್‌ನ ಕಂಪ್ಯೂಟರ್ ಕೋಣೆಯಲ್ಲಿ 6 ಮಾನಿಟರ್ ಇವೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ಅವಷ್ಟೇ ಓಡೋದು, ಟ್ಯೂಬ್‌ಲೈಟ್ ಇಲ್ಲ. ಕತ್ತಲಲ್ಲಿ ಸ್ಕ್ರೀನ್ ನೋಡಿದ್ರೆ ಕಣ್ಣೇ ಹೋಗುತ್ತೆ ಅಂತ ಪೋಷಕರ ಗಾಬರಿ. ದೃಷ್ಟಿ ಶಾಶ್ವತವಾಗಿ ಹಾಳಾಗುತ್ತೆ ಅನ್ನೋದಕ್ಕೆ ಆಧಾರವಿಲ್ಲ. ಆಯಾಸ ಮಾತ್ರ ನಿಜ: ಕತ್ತಲಿಗೆ ಕಣ್ಣುಪಾಪೆ ಹಿಗ್ಗಿರುತ್ತೆ, ಬಿಳಿ ಪರದೆ ಕುಕ್ಕುತ್ತೆ. ನೆಟ್ಟ ನೋಟದಲ್ಲಿ ರೆಪ್ಪೆ ಬಡಿಯೋದು ಕಡಿಮೆಯಾಗಿ ಕಣ್ಣು ಒಣಗಿ ಉರಿ ಬರುತ್ತೆ.

ಬ್ರೈಟ್‌ನೆಸ್ ಪೂರ್ತಿ ಇಳಿಸಿದ್ರೆ ಆಯ್ತಲ್ಲ ಅನ್ನಬೇಡಿ. ಕೆಲವು ಮಾನಿಟರ್‌ಗಳು ಬೆಳಕನ್ನ ಪಟಪಟ ಆರಿಸಿ ಹೊತ್ತಿಸಿಯೇ ಮಂದ ಮಾಡೋದು. ಆ ಮಿಣುಕಿಗೇ ಕೆಲವರಿಗೆ ತಲೆನೋವು.

ಪರದೆ ಹಿಂದಿನ ಗೋಡೆ ಸ್ವಲ್ಪ ಬೆಳಗಿದ್ರೆ ಪರದೆ ಅಷ್ಟು ಕುಕ್ಕಲ್ಲ, ಅದಕ್ಕೇ ಈ ಪಟ್ಟಿ. ಬೇಕಿರೋದು 5 ವೋಲ್ಟ್‌ನ, 6500 ಕೆಲ್ವಿನ್ (ಹಗಲಿನ ಬೆಳಕಿನಂಥ) ಬಿಳಿ ಪಟ್ಟಿ, ತಲಾ 1 ಮೀಟರ್. ಬಣ್ಣ ಬದಲಾಯಿಸೋ ಪಟ್ಟಿ ಬೇಡ. ಅಂಚಿನಿಂದ ನಾಲ್ಕೈದು ಸೆಂ.ಮೀ. ಒಳಗೆ ಅಂಟಿಸಬೇಕು, ಬೆಳಕು ಗೋಡೆಗೆ ಬೀಳಬೇಕು, ಕಣ್ಣಿಗಲ್ಲ. ಹಿಂಬದಿ ಧೂಳು ಒರೆಸದೆ ಅಂಟಿಸಿದ್ರೆ ನಮ್ಮ ಮಲೆನಾಡಿನ ತೇವಕ್ಕೆ ವಾರದಲ್ಲೇ ಜೋತುಬೀಳುತ್ತೆ. ಹಳೇ ಯುಎಸ್‌ಬಿ ಪೋರ್ಟ್ ಕೊಡೋದು 500 ಮಿಲಿಆಂಪ್ ಅಷ್ಟೇ. ಎಲ್‌ಇಡಿ ಒತ್ತೊತ್ತಾಗಿರೋ ಪಟ್ಟಿಗೆ ಅದು ಸಾಲದೆ ಬೆಳಕು ಮಂಕಾಗುತ್ತೆ, ಹಾಗಾಗಿ 2 ಆಂಪ್ ಮೊಬೈಲ್ ಚಾರ್ಜರೇ ಸರಿ.

ಐ.ಜಿ. ರಸ್ತೆ, ಎಂ.ಜಿ. ರಸ್ತೆ ಕಡೆ ಯಾವ ಅಂಗಡೀಲಿ ಸಿಗುತ್ತೆ, ಮೀಟರಿಗೆ ಎಷ್ಟು? ಬೆಳಕು ಅಳೆಯೋ ಲಕ್ಸ್ ಮೀಟರ್ ಇದ್ದವರು ಒಂದು ಸಂಜೆ ಕೊಡ್ತೀರಾ? ನೀಲಿ ಬೆಳಕಿನ ಕನ್ನಡಕ ಕೊಡಿಸ್ತೀವಿ ಅನ್ನೋರು ದಯವಿಟ್ಟು ಆ ದುಡ್ಡನ್ನ ಪಟ್ಟಿಗೇ ಕೊಡಿ.