ಉದ್ಯಮಶೀಲತಾ ಕೋರ್ಸ್ ಮುಗಿದ ಮೇಲೆ ಉದ್ಯಮದ ಆಸೆ ಇಳಿದರೆ?

ಪ್ರಶ್ನೆ:
ಕೋರ್ಸಿಗೆ ಮೊದಲು ಮತ್ತು ನಂತರ ಒಂದೇ ಪ್ರಶ್ನಾವಳಿ ಕೊಟ್ಟಾಗ, ಸ್ವಂತ ಉದ್ಯಮ ಶುರು ಮಾಡುವ ಇರಾದೆಯ ಸರಾಸರಿ ಅಂಕ ಇಳಿದರೆ ಪಾಠ ಸೋತಿದೆ ಅಂತಲೇ ತಿಳಿಯಬೇಕೇ?

ಉತ್ತರ 1:
ಹಾಗೇನಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇರಾದೆ ಇಳಿದಿತ್ತು. ಬಂಡವಾಳ, ಗ್ರಾಹಕರ ಹುಡುಕಾಟ, ನಷ್ಟದ ಲೆಕ್ಕ ಕಣ್ಣಿಗೆ ಬಿದ್ದಾಗ ಅರೆಮನಸ್ಸಿನವರು ಹಿಂದೆ ಸರಿಯಬಹುದು, ಅದು ಒಳ್ಳೆಯದೇ. ಸರಾಸರಿ ಬಿಟ್ಟು ಹರಡಿಕೆ ನೋಡಿ. ಅಂಕಗಳು ಎರಡೂ ತುದಿಗೆ ಸರಿದಿದ್ದರೆ ವಿದ್ಯಾರ್ಥಿಗಳು ತಮ್ಮನ್ನು ತಾವೇ ಜರಡಿ ಹಿಡಿದುಕೊಂಡಿದ್ದಾರೆ.

ಉತ್ತರ 2:
ಅಳತೆಯೇ ಎಡವಿರಬಹುದು. ಐಚ್ಛಿಕ ಕೋರ್ಸಾದರೆ ಆಸಕ್ತಿ ಇದ್ದವರೇ ಸೇರಿರುತ್ತಾರೆ. ಮೊದಲ ಅಂಕವೇ ಮೇಲಿದ್ದರೆ ಏರಲು ಜಾಗ ಎಲ್ಲಿ? ಕೋರ್ಸ್ ತೆಗೆದುಕೊಳ್ಳದವರ ಹೋಲಿಕೆ ಗುಂಪು ಬೇಕೇ ಬೇಕು. 73 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ ಉದ್ಯಮಶೀಲತಾ ಶಿಕ್ಷಣಕ್ಕೂ ಇರಾದೆಗೂ ಸಿಕ್ಕ ಸಂಬಂಧ ಸಣ್ಣದು (ಸುಮಾರು 0.14; 1 ಅಂದರೆ ಪೂರ್ಣ ಸಂಬಂಧ). ಮೊದಲೇ ಇದ್ದ ಇರಾದೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದೂ ನಿಲ್ಲಲಿಲ್ಲ.

ಉತ್ತರ 3:
ಇರಾದೆ ಹುಟ್ಟುವುದು ಯಾವುದರಿಂದ ಎಂದು ಮನೋವಿಜ್ಞಾನಿ ಐಜೆನ್ ಹೇಳುವ ಮೂರನ್ನೂ ಬೇರೆಬೇರೆಯಾಗಿ ಅಳೆಯಿರಿ: ಮನೋಭಾವ, ಸುತ್ತಲಿನವರ ನಿರೀಕ್ಷೆ, ‘ನನ್ನ ಕೈಲಾಗುತ್ತದೆ’ ಎಂಬ ನಂಬಿಕೆ. ಬರೀ ಬಿಸಿನೆಸ್ ಪ್ಲಾನ್ ಬರೆಸಿದರೆ ಮೂರನೆಯದು ಅಷ್ಟಾಗಿ ಬೆಳೆಯದು. ಸಣ್ಣದೊಂದು ವಸ್ತುವನ್ನು ನಿಜವಾಗಿ ಮಾರಿಸಿ. ಆರು ತಿಂಗಳ ನಂತರ ಮತ್ತೊಮ್ಮೆ ಅಳೆಯಿರಿ. ಮಾರ್ಕ್ಸ್ ಹಾಕುವ ಮೇಷ್ಟ್ರ ಎದುರೇ ತುಂಬಿದ ಪ್ರಶ್ನಾವಳಿಯನ್ನಂತೂ ಪೂರ್ತಿ ನಂಬಬೇಡಿ.